ತಂತಿ ನಾಲ್ಕು, ಸ್ವರ ಐದು: ಯುಕುಲೆಲೆಯ ನೈಂತ್ ಕಾರ್ಡ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ನೈಂತ್ ಕಾರ್ಡಿನ ಸುತ್ತಲೇ ಇವೆ. ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ನೈಂತ್ ಎಂದರೆ ಮೂಲಸ್ವರದಿಂದ ಎಣಿಸಿದ ಒಂಬತ್ತನೆಯ ಸ್ವರವೂ ಸೇರಿದ್ದು. ಉತ್ತರಗಳಲ್ಲಿ ಬರುವ ನಾಲ್ಕಂಕಿಯ ಸಂಖ್ಯೆಗಳನ್ನು ಹೀಗೆ ಓದಿಕೊಳ್ಳಿ. ಎಡದಿಂದ ಬಲಕ್ಕೆ ಜಿ, ಸಿ, ಇ, ಎ ತಂತಿಗಳು. ಮೊದಲ ಅಂಕಿ ಮುಖದ ಕಡೆಗಿರುವ ನಾಲ್ಕನೇ ತಂತಿಯದು, ಕೊನೆಯದು ನೆಲದ ಕಡೆಗಿರುವ ಒಂದನೇ ತಂತಿಯದು. ಸೊನ್ನೆ ಎಂದರೆ ಬೆರಳಿಡದ ತಂತಿ, ಮಿಕ್ಕ ಅಂಕಿಗಳು ಫ್ರೆಟ್‌ಗಳು, ಅಂದರೆ ವಾದ್ಯದ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳು. ಬೇರೆ ಶ್ರುತಿಯ ಮಾತು ಬಂದಾಗ ಹಾಗೆಂದೇ ಹೇಳಿದ್ದೇವೆ.

ಪ್ರಶ್ನೆ: ನೈಂತ್ ಕಾರ್ಡಿಗೆ ಐದು ಸ್ವರ ಬೇಕು ಎಂದು ಓದಿದೆ. ಯುಕುಲೆಲೆಯಲ್ಲಿರುವುದು ನಾಲ್ಕೇ ತಂತಿ. ಹಾಗಾದರೆ ನಾವು ನುಡಿಸುವುದು ಅರ್ಧಂಬರ್ಧ ಕಾರ್ಡೇ?

ಒಂದು ಸ್ವರ ಬಿಡಲೇಬೇಕು. ಯಾವುದನ್ನು ಬಿಡುತ್ತೀರಿ ಎಂಬುದರ ಮೇಲೆ ಅದು ನೈಂತ್ ಆಗಿ ಉಳಿಯುತ್ತದೋ ಇಲ್ಲವೋ ನಿಂತಿದೆ. ಸಿ9 ತೆಗೆದುಕೊಳ್ಳಿ. ಅದರ ಸ್ವರಗಳು ಸಿ, ಇ, ಜಿ, ಬಿ ಫ್ಲ್ಯಾಟ್ (ಬಿಗಿಂತ ಒಂದು ಫ್ರೆಟ್ ಕೆಳಗಿನದು), ಡಿ. ಇ ಬಿಟ್ಟರೆ ಕಾರ್ಡ್ ಮೇಜರೋ ಮೈನರೋ ಗೊತ್ತಾಗುವುದಿಲ್ಲ. ಬಿ ಫ್ಲ್ಯಾಟ್ ಬಿಟ್ಟರೆ ಮುಂದಿನ ಕಾರ್ಡಿಗೆ ಎಳೆಯುವ ಗುಣ ಹೋಗುತ್ತದೆ. ಡಿ ಬಿಟ್ಟರೆ ಅದು ಬರೀ ಸಿ7. ಹಾಗಾಗಿ ಬಿಡಲು ಸಿಗುವುದು ಎರಡೇ: ಮೂಲಸ್ವರವಾದ ಸಿ, ಇಲ್ಲವೇ ಅದರ ಪಂಚಮವಾದ ಜಿ.

ಯುಕುಲೆಲೆಯಲ್ಲಿ ಸಾಮಾನ್ಯವಾಗಿ ಬಿಡುವುದು ಮೂಲಸ್ವರವನ್ನೇ. ಮೂಲವನ್ನೇ ಬಿಡುವುದು ವಿಚಿತ್ರ ಅನ್ನಿಸಬಹುದು. ಆದರೆ ಜತೆಗೆ ಬಾಸ್ ಇದ್ದರೆ ಅದು ಆ ಸ್ವರವನ್ನು ಹಿಡಿದಿರುತ್ತದೆ. ಇಲ್ಲದಿದ್ದರೂ ಹಿಂದಿನ ಮುಂದಿನ ಕಾರ್ಡುಗಳಿಂದ ಕಿವಿ ಅದನ್ನು ತಾನೇ ಊಹಿಸಿಕೊಳ್ಳುತ್ತದೆ. ಇನ್ನೊಂದು ಅನುಕೂಲವೂ ಇದೆ, ಈ ಪುಟದಲ್ಲಿ ನೆನಪಿಡಬೇಕಾದದ್ದು ಅದೇ: ಒಂಬತ್ತನೆಯ ಸ್ವರ ಮೂಲಸ್ವರಕ್ಕಿಂತ ಸರಿಯಾಗಿ ಎರಡು ಫ್ರೆಟ್ ಮೇಲಿರುತ್ತದೆ. ಆದ್ದರಿಂದ ನಿಮಗೆ ಗೊತ್ತಿರುವ ಸೆವೆಂತ್ ಕಾರ್ಡ್ (ಸಿ7ನಂಥದ್ದು, ಒಂಬತ್ತನೆಯ ಸ್ವರವಿಲ್ಲದ್ದು) ಹಿಡಿದು, ಅದರಲ್ಲಿ ಮೂಲಸ್ವರ ನುಡಿಯುವ ತಂತಿಯನ್ನು ಹುಡುಕಿ, ಆ ಒಂದು ತಂತಿಯನ್ನು ಮಾತ್ರ ಎರಡು ಫ್ರೆಟ್ ಏರಿಸಿದರೆ ನೈಂತ್ ಸಿಕ್ಕಿತು.

ಸಿ7 ಎಂದರೆ 0001. ಸಿ ಇರುವುದು ಮೂರನೇ ತಂತಿಯಲ್ಲಿ. ಎರಡು ಏರಿಸಿದರೆ 0201, ಅದೇ ಸಿ9. ಜಿ7 ಎಂದರೆ 0212, ಜಿ ನಾಲ್ಕನೇ ತಂತಿಯಲ್ಲಿ, ಜಿ9 2212. ಎ7 0100, ಎ ಒಂದನೇ ತಂತಿಯಲ್ಲಿ, ಎ9 0102. ಇ7 1202, ಇ ಎರಡನೇ ತಂತಿಯಲ್ಲಿ, ಇ9 1222. ಮೂಲಸ್ವರ ಯಾವ ತಂತಿಯಲ್ಲಿದ್ದರೂ ಲೆಕ್ಕ ಒಂದೇ. ಹೊಸದಾಗಿ ಉರು ಹೊಡೆಯುವ ಕೆಲಸವಿಲ್ಲ.

ಮೂಲಸ್ವರ ಬೇಕೇಬೇಕು ಎನ್ನುವವರಿಗೆ 3203 ಇದೆ. ನಾಲ್ಕನೇ ತಂತಿಗೆ ನಡುಬೆರಳು, ಮೂರನೆಯದಕ್ಕೆ ತೋರುಬೆರಳು, ಒಂದನೆಯದಕ್ಕೆ ಉಂಗುರ ಬೆರಳು. ಇದರಲ್ಲಿ ಸಿ ಎಲ್ಲಕ್ಕಿಂತ ಮೇಲಿನ ಸ್ವರವಾಗಿ ಕೇಳುತ್ತದೆ, ಜಿ ಇರುವುದಿಲ್ಲ.

ಪ್ರಶ್ನೆ: ಸಿ9 ಹಿಡಿದಾಗ ಎರಡನೇ ತಂತಿ ‘ಟಪ್’ ಎಂದು ಸತ್ತ ಸದ್ದು ಮಾಡುತ್ತದೆ. ಗಟ್ಟಿಯಾಗಿ ಒತ್ತಿದರೂ ಸರಿಹೋಗುತ್ತಿಲ್ಲ.

ಗಟ್ಟಿಯಾಗಿ ಒತ್ತಿದಷ್ಟೂ ಇದು ಹೆಚ್ಚಾಗುತ್ತದೆ. ಒತ್ತಿದಾಗ ಬೆರಳ ತುದಿ ಚಪ್ಪಟೆಯಾಗಿ ಪಕ್ಕದ ತಂತಿಗೆ ತಾಗುತ್ತದೆ. ತಂತಿಯಿಂದ ತಂತಿಗೆ ಇರುವ ಜಾಗವೇ ಸುಮಾರು 9 ಮಿ.ಮೀ. 0201ರಲ್ಲಿ ಎರಡನೇ ತಂತಿ ತೆರೆದಿದೆ, ಅದರ ಎರಡೂ ಮಗ್ಗುಲಲ್ಲಿ ಬೆರಳುಗಳಿವೆ. ತಪ್ಪು ಯಾವ ಬೆರಳಿನದು ಎಂದು ಮೊದಲು ಪತ್ತೆ ಮಾಡಿ.

ಕಾರ್ಡ್ ಹಿಡಿದು ಎರಡನೇ ತಂತಿಯೊಂದನ್ನೇ ಮೀಟಿ. ಸದ್ದು ಸತ್ತಿದ್ದರೆ ತೋರುಬೆರಳನ್ನು ಮಾತ್ರ ಎತ್ತಿ ಮತ್ತೆ ಮೀಟಿ. ಈಗ ನಾದ ಬಂದರೆ ತೋರುಬೆರಳಿನ ತುದಿ ಒಂದನೇ ತಂತಿಯನ್ನು ದಾಟಿ ಒಳಗೆ ಬಂದಿದೆ ಎಂದರ್ಥ, ಒಂದೆರಡು ಮಿ.ಮೀ. ನೆಲದ ಕಡೆಗೆ ಜರುಗಿಸಿ. ತೀರಾ ಜರುಗಿಸಿದರೆ ತಂತಿ ಫ್ರೆಟ್ ಪಟ್ಟಿಯ ಅಂಚಿನಿಂದ ಜಾರುತ್ತದೆ, ಅದನ್ನೂ ನೋಡಿಕೊಳ್ಳಿ. ತೋರುಬೆರಳು ಎತ್ತಿದರೂ ಸದ್ದು ಸತ್ತೇ ಇದ್ದರೆ ನಡುಬೆರಳಿನ ಹೊಟ್ಟೆ ತಾಗುತ್ತಿದೆ. ಅಂಗೈ ಯುಕುಲೆಲೆಯ ಕತ್ತಿಗೆ ಅಂಟಿಕೊಂಡು ಬೆರಳು ಮಲಗಿದಾಗ ಹೀಗಾಗುತ್ತದೆ. ಹೆಬ್ಬೆರಳನ್ನು ಕತ್ತಿನ ಹಿಂಭಾಗದ ನಡುವಿಗೆ, ಸುಮಾರಾಗಿ ಒಂದು ಮತ್ತು ಎರಡನೇ ಫ್ರೆಟ್‌ಗಳ ನೇರಕ್ಕೆ ತನ್ನಿ. ಅಂಗೈ ಬಿಟ್ಟುಕೊಂಡು ಮಣಿಕಟ್ಟು ಸ್ವಲ್ಪ ಮುಂದೆ ಬರುತ್ತದೆ, ಬೆರಳ ಕೊನೆಯ ಗಿಣ್ಣು ಮಡಿಚಿ ನಿಲ್ಲುತ್ತದೆ. ಎಡಗೈ ಉಗುರು ಬೆಳೆದಿದ್ದರೆ ಬೆರಳು ನೆಟ್ಟಗೆ ನಿಲ್ಲಲಾರದು. ಆಗ ಬೇಕಿರುವುದು ಅಭ್ಯಾಸವಲ್ಲ, ಉಗುರು ಕತ್ತರಿ.

ಪರೀಕ್ಷೆಗೆ ತಂತಿಗಳನ್ನು ಮೂರು, ಎರಡು, ನಾಲ್ಕು, ಒಂದು ಎಂಬ ಕ್ರಮದಲ್ಲಿ ಮೀಟಿ. ನಾಲ್ಕನೇ ತಂತಿ ಮೇಲಿನ ಶ್ರುತಿಯಲ್ಲಿರುವುದರಿಂದ ಹೀಗೆ ಮೀಟಿದಾಗಲೇ ಡಿ, ಇ, ಜಿ, ಬಿ ಫ್ಲ್ಯಾಟ್ ಎಂದು ಸ್ವರಗಳು ಮೆಟ್ಟಿಲು ಹತ್ತಿದಂತೆ ಕೇಳುತ್ತವೆ. ಇದುವರೆಗೆ ಹೇಳಿದವುಗಳಲ್ಲಿ 3203 ಒಂದನ್ನು ಬಿಟ್ಟು ಉಳಿದ ನೈಂತ್‌ಗಳಿಗೂ ಇದೇ ಕ್ರಮ ಹೊಂದುತ್ತದೆ.

ಬದಲಾವಣೆಗೆ ಒಂದು ಉಪಾಯ. ಎಫ್ ಕಾರ್ಡ್ 2010. ನಾಲ್ಕನೇ ತಂತಿಗೆ ನಡುಬೆರಳು, ಎರಡನೆಯದಕ್ಕೆ ತೋರುಬೆರಳು. ಆ ಎರಡು ಬೆರಳುಗಳನ್ನೂ ಅವುಗಳ ನಡುವಿನ ಅಂತರ ಕೆಡದಂತೆ ಒಂದೊಂದು ತಂತಿ ನೆಲದ ಕಡೆಗೆ ಇಳಿಸಿ. ಸಿ9 ಆಯಿತು! ಸಿ9 ಹೆಚ್ಚಾಗಿ ಎಫ್‌ಗೇ ಮರಳುವುದರಿಂದ ಈ ಏರಿಳಿತ ಬೆರಳಿಗೆ ಒಂದೇ ಚಲನೆಯಾಗಿ ರೂಢಿಯಾಗಬೇಕು. ಮೆಟ್ರೊನೋಮ್ ನಿಮಿಷಕ್ಕೆ 60ಕ್ಕಿಟ್ಟು ನಾಲ್ಕು ಏಟು ಎಫ್, ನಾಲ್ಕು ಏಟು ಸಿ9. ನಾಲ್ಕನೇ ಏಟು ಮುಗಿಯುವ ಮೊದಲೇ ಬೆರಳು ಎದ್ದರೆ ವೇಗ ಇಳಿಸಿ.

ಪ್ರಶ್ನೆ: 0201 ನುಡಿಸಿದರೆ ನನ್ನ ಕಾರ್ಡ್ ಗುರುತಿಸುವ ಆ್ಯಪ್ ‘ಜಿ ಮೈನರ್ 6’ ಎನ್ನುತ್ತದೆ. ತಪ್ಪು ಯಾರದು?

ಯಾರದೂ ಅಲ್ಲ. ಜಿ, ಬಿ ಫ್ಲ್ಯಾಟ್, ಡಿ, ಇ ಸ್ವರಗಳಿಗೆ ಜಿ ಮೈನರ್ 6 ಎಂಬ ಹೆಸರೂ ಇದೆ, ಇ ಮೈನರ್ 7 ಫ್ಲ್ಯಾಟ್ 5 ಎಂಬ ಹೆಸರೂ ಇದೆ. ಮೂಲಸ್ವರವಾಗಿ ಸಿ ಇದೆ ಎಂದುಕೊಂಡರೆ ಮಾತ್ರ ಅದು ಸಿ9. ಆ್ಯಪ್‌ಗೆ ಹಿಂದುಮುಂದಿನ ಹಾಡು ಗೊತ್ತಿಲ್ಲ. ಕಿವಿಗೆ ಸಿ9 ಎಂದೇ ಕೇಳಬೇಕಾದರೆ ಎರಡು ಏಟು ಸಿ7 ನುಡಿಸಿ, ಕೂಡಲೇ ನಡುಬೆರಳಿಟ್ಟು ಸಿ9 ಮಾಡಿ, ಆಮೇಲೆ ಎಫ್‌ಗೆ ಹೋಗಿ. ಅಥವಾ ಸಿ ಸ್ವರವನ್ನು ಬಾಯಲ್ಲಿ ಎಳೆದು ಹಿಡಿದು 0201 ನುಡಿಸಿ. ಕಾರ್ಡಿನ ಬಣ್ಣ ಬದಲಾಗುವುದು ತಕ್ಷಣ ತಿಳಿಯುತ್ತದೆ.

ಪ್ರಶ್ನೆ: ಸಿ9, ಸಿ ಆ್ಯಡ್9, ಸಿ ಮೇಜರ್9 ಮೂರೂ ಒಂದೇ ಎಂದುಕೊಂಡು ಒಂದರ ಬದಲು ಇನ್ನೊಂದು ನುಡಿಸುತ್ತಿದ್ದೆ. ಹಾಡು ಹಾಳಾಗುತ್ತಿದೆ ಎಂದು ಗೆಳೆಯರು ಹೇಳುತ್ತಾರೆ.

ಗೆಳೆಯರ ಮಾತು ಸರಿ. ಅದೃಷ್ಟಕ್ಕೆ ಯುಕುಲೆಲೆಯಲ್ಲಿ ಈ ಮೂರೂ ಅಕ್ಕಪಕ್ಕದಲ್ಲೇ ಇವೆ, ಬದಲಾಗುವುದು ಒಂದನೇ ತಂತಿ ಮಾತ್ರ. 0203 ಸಿ ಆ್ಯಡ್9: ಮೇಜರ್ ಕಾರ್ಡಿಗೆ ಡಿ ಸೇರಿಸಿದ್ದು, ಸೆವೆಂತ್ ಇಲ್ಲ, ಮೂಲಸ್ವರವೂ ಇದೆ, ನಾಲ್ಕೂ ಸ್ವರ ಭರ್ತಿ. 0202 ಸಿ ಮೇಜರ್9. ಒಂದನೇ ತಂತಿಯಲ್ಲಿ ಬಿ. ಇ ಮೈನರ್ 7 ಹಿಡಿಯುವುದೂ ಇದೇ ರೀತಿ. 0201 ಸಿ9, ಅಲ್ಲಿ ಬಿ ಫ್ಲ್ಯಾಟ್.

ಆ್ಯಡ್9 ಮತ್ತು ಮೇಜರ್9 ನಿಂತಲ್ಲೇ ನಿಲ್ಲಬಲ್ಲವು, ಹಾಡಿನ ಕೊನೆಯ ಕಾರ್ಡಾಗಿಯೂ ಒಪ್ಪುತ್ತವೆ. ಸಿ9 ಹಾಗಲ್ಲ, ಅದಕ್ಕೆ ಎಲ್ಲಿಗಾದರೂ ಹೋಗಬೇಕು. ಬ್ಲೂಸ್ ಬಿಟ್ಟರೆ ಕೊನೆಯಲ್ಲಿ ಅದನ್ನು ನುಡಿಸಿದರೆ ವಾಕ್ಯ ಅರ್ಧಕ್ಕೆ ನಿಂತಂತಿರುತ್ತದೆ. ಹಾಳೆಯಲ್ಲಿ ಬರೀ ‘9’ ಎಂದಿದ್ದರೆ ಒಳಗೆ ಇಳಿದ ಸೆವೆಂತ್ (ಸಿ ಮೇಲಾದರೆ ಬಿ ಬದಲು ಬಿ ಫ್ಲ್ಯಾಟ್) ಇದೆ ಎಂದೇ ಅರ್ಥ. ಮೈನರ್9 ಬೇಕಾದವರಿಗೆ: ಎ ಮೈನರ್9 ಎಂದರೆ 0002, ನಿಮಗೆ ಸಿ ಮೇಜರ್7 ಎಂದು ಗೊತ್ತಿರುವುದೇ.

ಪ್ರಶ್ನೆ: ಜಿ9 ಹಿಡಿಯಲು ನಾಲ್ಕೂ ಬೆರಳು ಬೇಕು. ನನ್ನದು ಸೊಪ್ರಾನೊ, ಬೆರಳು ದಪ್ಪ. ಎರಡನೇ ಫ್ರೆಟ್‌ನಲ್ಲಿ ಮೂರು ಬೆರಳು ಕೂರುವುದೇ ಇಲ್ಲ. ದೊಡ್ಡ ವಾದ್ಯ ಕೊಳ್ಳಬೇಕೇ?

ಬೇಡ, ಮೊದಲು ಇವನ್ನು ಮಾಡಿ ನೋಡಿ. ಸಣ್ಣ ಅಳತೆಯ ಯುಕುಲೆಲೆಯಾದ ಸೊಪ್ರಾನೊದಲ್ಲಿ ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಬ್ರಿಡ್ಜಿನವರೆಗೆ (ಒಡಲಿನ ಮೇಲೆ ತಂತಿ ಕಟ್ಟುವ ಕುದುರೆ) ಮಿಡಿಯುವ ತಂತಿಯ ಉದ್ದ ಸುಮಾರು 34–35 ಸೆಂ.ಮೀ., ಎರಡನೇ ಫ್ರೆಟ್‌ನ ಜಾಗ ಸುಮಾರು 18 ಮಿ.ಮೀ. ಅದಕ್ಕಿಂತ ದೊಡ್ಡದಾದ ಟೆನರ್‌ನಲ್ಲಿ ತಂತಿ ಸುಮಾರು 43 ಸೆಂ.ಮೀ., ಅದೇ ಜಾಗ 23 ಮಿ.ಮೀ. ಆಸುಪಾಸು. ವ್ಯತ್ಯಾಸ ಇದೆ, ನಿಜ. ಆದರೆ ಮೂರು ಬೆರಳನ್ನೂ ಒಂದೇ ಗೆರೆಯಲ್ಲಿ ಕೂರಿಸಬೇಕೆಂಬ ನಿಯಮವಿಲ್ಲ. ನಾಲ್ಕನೇ ತಂತಿಯ ನಡುಬೆರಳು ಸ್ವಲ್ಪ ಹಿಂದೆ, ಮೂರನೆಯದರ ಉಂಗುರ ಬೆರಳು ಅದಕ್ಕಿಂತ ಮುಂದೆ, ಒಂದನೆಯದರ ಕಿರುಬೆರಳು ಫ್ರೆಟ್ ಲೋಹಕ್ಕೆ ಹತ್ತಿಕೊಂಡು, ಹೀಗೆ ಓರೆಯಾಗಿ ಜೋಡಿಸಿ. ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್‌ನಲ್ಲಿ. ಫ್ರೆಟ್‌ನಿಂದ ತೀರಾ ಹಿಂದೆ ಉಳಿದ ಬೆರಳು ಗರಗರ ಸದ್ದು ಕೊಡುತ್ತದೆ, ಅಲ್ಲಿ ಮಾತ್ರ ಒತ್ತಡ ತುಸು ಹೆಚ್ಚಿಸಿ.

ಅದೂ ಆಗದಿದ್ದರೆ ಒಂದು ಬೆರಳು ಕಡಿಮೆ ಮಾಡಿ. ಜಿ9ರಲ್ಲಿ ಮೂರನೇ ತಂತಿ ನುಡಿಯುವುದು ಡಿ, ಅಂದರೆ ಪಂಚಮ. ಅದು ಇಲ್ಲದಿದ್ದರೂ ನಡೆಯುತ್ತದೆ. ತೋರುಬೆರಳು ಎರಡನೇ ತಂತಿಯ ಒಂದರಲ್ಲಿ, ಉಂಗುರ ಬೆರಳು ಒಂದನೇ ತಂತಿಯ ಎರಡರಲ್ಲಿ, ನಡುಬೆರಳು ನಾಲ್ಕನೇ ತಂತಿಯ ಎರಡರಲ್ಲಿ. ನಡುಬೆರಳಿನ ಹೊಟ್ಟೆ ಮೂರನೇ ತಂತಿಗೆ ಮೆತ್ತಗೆ ತಾಗಿ ಅದನ್ನು ಮೂಕ ಮಾಡಲಿ. ಸಿ9ರಲ್ಲಿ ಶತ್ರುವಾಗಿದ್ದ ಬೆರಳ ಹೊಟ್ಟೆ ಇಲ್ಲಿ ಕೆಲಸಕ್ಕೆ ಬರುತ್ತದೆ! ಎ, ಎಫ್, ಬಿ ಮೂರೇ ಉಳಿದರೂ ನೈಂತ್, ಸೆವೆಂತ್, ಥರ್ಡ್ ಮೂರೂ ಇರುವುದರಿಂದ ಕಾರ್ಡಿನ ಗುರುತು ಸ್ಪಷ್ಟ. ಮೂರನೇ ತಂತಿಯನ್ನು ಮೂಕ ಮಾಡದೆ ತೆರೆದು ಬಿಟ್ಟರೆ ಮಾತ್ರ ಸಿ ನುಗ್ಗಿ ಬಿ ಜತೆ ಕಿತ್ತಾಡುತ್ತದೆ.

ನಾಲ್ಕು ಬೆರಳಿನ ರೂಪವನ್ನೇ ಕಲಿಯುವವರು ಅದನ್ನು ಒಂಟಿಯಾಗಿ ಅಭ್ಯಾಸ ಮಾಡಬೇಡಿ. ಡಿ ಮೈನರ್ 7ರಿಂದ ಬನ್ನಿ. ಅದು 2213: ಅದೇ ನಾಲ್ಕು ಬೆರಳು, ಕಿರುಬೆರಳು ಮಾತ್ರ ಮೂರನೇ ಫ್ರೆಟ್‌ನಲ್ಲಿ. ಕಿರುಬೆರಳು ಒಂದು ಫ್ರೆಟ್ ಹಿಂದೆ ಜಾರಿದರೆ 2212, ಜಿ9. ಆಮೇಲೆ ಕಿರುಬೆರಳು ಅಲ್ಲೇ ಇರಲಿ, ಉಳಿದ ಮೂರನ್ನೂ ಎತ್ತಿಬಿಡಿ. 0002, ಸಿ ಮೇಜರ್7. ಮೂರು ಕಾರ್ಡಿನ ಸರಣಿಯಲ್ಲಿ ಕೈ ಕದಲಿದ್ದು ಒಂದೇ ಫ್ರೆಟ್. ಯುಕುಲೆಲೆಯಲ್ಲಿ ಇಷ್ಟು ಸೊಗಸಾಗಿ ಕೂಡಿಬರುವ ಸರಣಿ ಹೆಚ್ಚಿಲ್ಲ. ಜಿ7 ಬದಲು ಜಿ9 ಕಲಿಯಲು ಇದೊಂದೇ ಕಾರಣ ಸಾಕು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಸಿ ಷಡ್ಜವಾದರೆ ಡಿ ರಿಷಭ, ಅಂದರೆ ಎರಡನೆಯ ಸ್ವರ. ಅದನ್ನು ಒಂಬತ್ತು ಎಂದೇಕೆ ಕರೆಯುತ್ತಾರೆ? ಫ್ಲ್ಯಾಟ್ 9, ಶಾರ್ಪ್ 9 ಎಂದರೆ ಏನು?

ಕಾರ್ಡನ್ನು ಕಟ್ಟುವುದು ಒಂದು ಬಿಟ್ಟು ಒಂದು ಸ್ವರವನ್ನು ಮೇಲೆ ಮೇಲೆ ಪೇರಿಸಿ: ಒಂದು, ಮೂರು, ಐದು, ಏಳು, ಒಂಬತ್ತು. ಏಳರ ನಂತರ ಮತ್ತೆ ಷಡ್ಜ ಎಂಟನೆಯದು, ಅದರಾಚೆಯ ರಿಷಭ ಒಂಬತ್ತನೆಯದು. ಸ್ವರ ಅದೇ, ಎಣಿಕೆ ಮೇಲಿನ ಸ್ಥಾಯಿಯದು. ಯುಕುಲೆಲೆಯ ಸಿ9ರಲ್ಲಿ ಆ ರಿಷಭ ಮೇಲಿನ ಸ್ಥಾಯಿಯಲ್ಲಿಲ್ಲ, ಕೆಳಗೆ ಇ ಪಕ್ಕದಲ್ಲೇ ಕೂತಿದೆ. ಇಷ್ಟು ಸಣ್ಣ ವಾದ್ಯದಲ್ಲಿ ಅದು ಕ್ಷಮ್ಯ. ಆ ಎರಡು ಸ್ವರಗಳ ಸಣ್ಣ ತಿಕ್ಕಾಟವೇ ಇದಕ್ಕೆ ರುಚಿ ಕೊಡುವುದು.

ಕರ್ನಾಟಕ ಸಂಗೀತದ ಪರಿಚಯ ಇರುವವರಿಗೆ ಉಳಿದದ್ದು ಸುಲಭ. ಸಿ9 ಎಂದರೆ ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ, ಚತುಶ್ರುತಿ ರಿಷಭ. ಎಲ್ಲವೂ ಹರಿಕಾಂಭೋಜಿಯ ಸ್ವರಗಳು. ಫ್ಲ್ಯಾಟ್ 9 ಎಂದರೆ ಶುದ್ಧ ರಿಷಭ, ಶಾರ್ಪ್ 9 ಎಂದರೆ ಷಟ್‌ಶ್ರುತಿ ರಿಷಭ. ಸಾಧಾರಣ ಗಾಂಧಾರದ ಸ್ಥಾನವೂ ಅದೇ ಆದ್ದರಿಂದ ಶಾರ್ಪ್ 9 ಕಾರ್ಡಿನಲ್ಲಿ ಎರಡು ಗಾಂಧಾರ ಒಟ್ಟಿಗೆ ಕೇಳಿದಂತಾಗುತ್ತದೆ. ಬೆರಳಿಗೆ ಲೆಕ್ಕ: ಸೆವೆಂತ್ ಕಾರ್ಡಿನ ಮೂಲಸ್ವರವನ್ನು ಒಂದು ಫ್ರೆಟ್ ಏರಿಸಿದರೆ ಫ್ಲ್ಯಾಟ್ 9, ಎರಡಾದರೆ 9, ಮೂರಾದರೆ ಶಾರ್ಪ್ 9. ಸಿ ಮೇಲೆ ಕ್ರಮವಾಗಿ 0101, 0201, 0301.

ಫ್ಲ್ಯಾಟ್ 9 ಬೇಕಾಗುವುದು ಮುಖ್ಯವಾಗಿ ಮೈನರ್ ಕಾರ್ಡಿಗೆ ಹೋಗುವಾಗ. ಎ ಮೈನರ್‌ನ ಹಾಡಿನಲ್ಲಿ ಇ9 ನುಡಿಸಿದರೆ ಅದರ ಎಫ್ ಶಾರ್ಪ್ ಹಾಡಿನ ಎಫ್ ಜತೆ ಹೊಂದದೆ ಹೊರಗಿನವನಂತೆ ನಿಲ್ಲುತ್ತದೆ. ಅಲ್ಲಿ ಇ7 ಫ್ಲ್ಯಾಟ್ 9 ನುಡಿಸಿ, 1212, ಆಮೇಲೆ ಎ ಮೈನರ್ 2000.

ಪ್ರಶ್ನೆ: ಬಿ ಫ್ಲ್ಯಾಟ್9, ಇ ಫ್ಲ್ಯಾಟ್9 ಮುಂತಾದವಕ್ಕೆಲ್ಲ ಬೇರೆ ಬೇರೆ ಚಿತ್ರ ನೆನಪಿಡಬೇಕೇ?

ನಾಲ್ಕು ರೂಪ ಸಾಕು, ಅವನ್ನೇ ಕತ್ತಿನ ಮೇಲೆ ಸರಿಸಬಹುದು. 0201 ರೂಪ ಸರಿದರೆ 2423 ಡಿ9, 3534 ಇ ಫ್ಲ್ಯಾಟ್9. 1222 ಒಂದು ಫ್ರೆಟ್ ಏರಿದರೆ 2333, ಎಫ್9. 0102 ಒಂದು ಏರಿದರೆ 1213, ಬಿ ಫ್ಲ್ಯಾಟ್9. ಇನ್ನೊಂದು ಏರಿದರೆ 2324, ಬಿ9. 2212 ಒಂದು ಏರಿದರೆ 3323, ಎ ಫ್ಲ್ಯಾಟ್9. ತೆರೆದ ತಂತಿ ಇದ್ದ ಕಡೆ ತೋರುಬೆರಳನ್ನು ಅಡ್ಡಲಾಗಿ ಮಲಗಿಸಿ ಬಾರೆ ಹಿಡಿಯಬೇಕು.

ಎಫ್9ಕ್ಕೆ ತೋರುಬೆರಳು ನಾಲ್ಕನೇ ತಂತಿಯ ಎರಡರಲ್ಲಿ, ಉಂಗುರ ಬೆರಳು ಮಿಕ್ಕ ಮೂರು ತಂತಿಗಳ ಮೇಲೆ ಮೂರರಲ್ಲಿ ಮಲಗಲಿ. ಮೂರರಲ್ಲಿ ಒಂದು ತಂತಿ ನುಡಿಯದಿದ್ದರೆ ಸಾಮಾನ್ಯವಾಗಿ ನಡುವಿನ ಎರಡನೇ ತಂತಿಯೇ ಬೆರಳ ಗೆಣ್ಣಿನ ಮಡಿಕೆಗೆ ಸಿಕ್ಕಿರುತ್ತದೆ. ಬೆರಳನ್ನು ಕೂದಲೆಳೆಯಷ್ಟು ಮೇಲೆ ಅಥವಾ ಕೆಳಗೆ ಸರಿಸಿದರೆ ಮಡಿಕೆ ತಪ್ಪುತ್ತದೆ. ಈ ರೂಪವನ್ನು ಇ9ರಿಂದ ಎಫ್9ಕ್ಕೆ ಒತ್ತಡ ಬಿಡದೆ ಜಾರಿಸುವುದು ಬ್ಲೂಸ್ ನುಡಿಸುವವರ ನೆಚ್ಚಿನ ಆಟ.

ಪ್ರಶ್ನೆ: ಟ್ಯೂನರ್ ಹಾಕಿ ಶ್ರುತಿ ಮಾಡಿದ್ದೇನೆ. ಸಿ, ಎಫ್ ಸರಿಯಾಗಿ ಕೇಳುತ್ತವೆ. ನೈಂತ್ ಮಾತ್ರ ಅಪಶ್ರುತಿ.

ಎರಡು ಸಾಧ್ಯತೆ. ಒಂದು, ಅದು ಅಪಶ್ರುತಿಯೇ ಅಲ್ಲ. ಅಕ್ಕಪಕ್ಕದ ಸ್ವರಗಳ ಸಹಜ ತಿಕ್ಕಾಟಕ್ಕೆ ಕಿವಿ ಇನ್ನೂ ಒಗ್ಗಿಲ್ಲ. ಇನ್ನೊಂದು, ಒತ್ತಿದ ಸ್ವರಗಳು ನಿಜವಾಗಿಯೂ ಮೇಲೆ ಹೋಗಿವೆ. ಯಾವುದೆಂದು ಟ್ಯೂನರೇ ಹೇಳಲಿ: ಕಾರ್ಡ್ ಹಿಡಿದುಕೊಂಡೇ ಒಂದೊಂದು ತಂತಿಯನ್ನು ಮೀಟಿ ನೋಡಿ. ಮೂರನೇ ತಂತಿಯ ಡಿ ಗೆರೆ ದಾಟಿ ಏರಿದ್ದರೆ ಒತ್ತಡ ಕಡಿಮೆ ಮಾಡಿ. ಆ ತಂತಿ ದಪ್ಪ, ಮೆದು; ಹೆಚ್ಚು ಒತ್ತಿದರೂ, ಪಕ್ಕಕ್ಕೆ ಎಳೆದರೂ ಶ್ರುತಿ ಏರುತ್ತದೆ.

ಹಗುರವಾಗಿ ಒತ್ತಿದರೂ ಮೊದಲೆರಡು ಫ್ರೆಟ್‌ಗಳಲ್ಲಿ ಏರಿಯೇ ಇದ್ದರೆ ನಟ್‌ನ ಗಾಡಿಗಳು (ತಂತಿ ಕೂರುವ ಸೀಳುಗಳು) ಎತ್ತರವಿವೆ. ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು ಮೊದಲನೇ ಫ್ರೆಟ್ ಮೇಲೆ ನೋಡಿ. ತಂತಿಗೂ ಲೋಹಕ್ಕೂ ನಡುವೆ ಕೂದಲೆಳೆಯಷ್ಟೇ ಸಂದು ಇರಬೇಕು. ಚೆನ್ನಾಗಿ ಕಾಣುವಷ್ಟು ಸಂದಿದ್ದರೆ ಗಾಡಿಯನ್ನು ಆಳ ಮಾಡಿಸಬೇಕು. ಅರ ಹಿಡಿದು ನೀವೇ ಉಜ್ಜಲು ಹೋಗಬೇಡಿ, ಒಂದೆಳೆ ಹೆಚ್ಚಾದರೂ ತೆರೆದ ತಂತಿ ಮೊದಲ ಫ್ರೆಟ್‌ಗೆ ಬಡಿಯತೊಡಗುತ್ತದೆ. ಹನ್ನೆರಡನೇ ಫ್ರೆಟ್ ಬಳಿ ತಂತಿಯ ಎತ್ತರ ಎರಡೂವರೆಯಿಂದ ಮೂರು ಮಿ.ಮೀ. ಇದ್ದರೆ ಸಾಮಾನ್ಯ.

ಪ್ರಶ್ನೆ: ಹಳೆಯ ಹಾಳೆಯೊಂದರಲ್ಲಿ ಡಿ9 ಎಂದು ಬರೆದು 0201 ಚಿತ್ರ ಕೊಟ್ಟಿದ್ದಾರೆ. ಅಚ್ಚಿನ ತಪ್ಪೇ? ಲೋ ಜಿ, ಬ್ಯಾರಿಟೋನ್ ಇದ್ದರೂ ನೀವು ಹೇಳಿದ್ದು ಹೊಂದುತ್ತದೆಯೇ?

ಅಚ್ಚಿನ ತಪ್ಪಲ್ಲ. 1920ರ ದಶಕದ ಹಾಳೆಗಳಲ್ಲಿ ಎ, ಡಿ, ಎಫ್ ಶಾರ್ಪ್, ಬಿ ಎಂಬ ಶ್ರುತಿ ಸಾಮಾನ್ಯ. ಎಲ್ಲವೂ ಎರಡು ಫ್ರೆಟ್ ಮೇಲೆ. ಹಾಗಾಗಿ ನಮ್ಮ ಸಿ9 ರೂಪ ಅಲ್ಲಿ ಡಿ9. ಬ್ಯಾರಿಟೋನ್‌ನ ಶ್ರುತಿ ಡಿ, ಜಿ, ಬಿ, ಇ. ಅದೇ 0201 ಅಲ್ಲಿ ಜಿ9. ಲೋ ಜಿ, ಅಂದರೆ ಒಂದು ಸ್ಥಾಯಿ ಕೆಳಗಿನ ನಾಲ್ಕನೇ ತಂತಿ, ಹಾಕಿದ್ದರೆ ಹಿಡಿತ, ಹೆಸರು ಬದಲಾಗುವುದಿಲ್ಲ, ಆದರೆ 2212ರಲ್ಲಿ ನೈಂತ್ ಆದ ಎ ಎಲ್ಲಕ್ಕಿಂತ ಕೆಳಗೆ ಬಿದ್ದು ಕಾರ್ಡ್ ಮಂಕಾಗಿ ಕೇಳುತ್ತದೆ. ನಾಲ್ಕನೇ ತಂತಿಯನ್ನು ಹಗುರವಾಗಿ ಮೀಟಿ. ಮೂರು, ಎರಡು, ನಾಲ್ಕು, ಒಂದು ಎಂಬ ಕ್ರಮವೂ ಅಲ್ಲಿ ನಡೆಯದು. ನಾಲ್ಕರಿಂದ ನೇರವಾಗಿ ಒಂದಕ್ಕೆ ಇಳಿಯಬೇಕು.

ಪ್ರಶ್ನೆ: ಕಲಿತದ್ದನ್ನು ಹಾಕಿ ನುಡಿಸಲು ಒಂದು ಸರಣಿ ಕೊಡಿ.

ಹನ್ನೆರಡು ಬಾರಿನ ಬ್ಲೂಸ್ ತೆಗೆದುಕೊಳ್ಳಿ. ಬಾರ್ ಎಂದರೆ ತಾಳದ ಒಂದು ಆವರ್ತ, ಇಲ್ಲಿ ಒಂದು ಬಾರಿಗೆ ನಾಲ್ಕು ಏಟು. ನಾಲ್ಕು ಬಾರ್ ಸಿ7, ಎರಡು ಎಫ್9, ಎರಡು ಸಿ7, ಒಂದು ಜಿ9, ಒಂದು ಎಫ್9, ಒಂದು ಸಿ7, ಕೊನೆಯದು ಜಿ9. ನಾಲ್ಕನೇ ಬಾರಿನ ಕೊನೆಯ ಏಟಿನಲ್ಲಿ ಇ9 ಹಿಡಿದು ಎಫ್9ಕ್ಕೆ ಜಾರಿ. ಎಲ್ಲ ಸಿ7ಗಳನ್ನೂ ಸಿ9 ಮಾಡುವ ಆಸೆ ಬರುತ್ತದೆ. ಮೊದಲ ಸುತ್ತಿನಲ್ಲಿ ಬೇಡ. ಪಕ್ಕದಲ್ಲಿ ಬರಿಯ ಸೆವೆಂತ್ ಇದ್ದಾಗಲೇ ನೈಂತ್ ಎದ್ದು ಕೇಳುವುದು. ಎರಡನೇ ಸುತ್ತಿನಲ್ಲಿ ನಾಲ್ಕನೇ ಬಾರನ್ನು ಮಾತ್ರ ಸಿ9 ಮಾಡಿ ನೋಡಿ.